ಉಚ್ಚೆಂಗೆಮ್ಮನ ಮೊದಲ ಸಾಲು

ದಾವಣಗೆರೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಹೇಳುವವರು ಡಾಕ್ಟರುಗಳು. ಒಬ್ಬನಿಗೇ ನಾಲ್ಕು ಕಾಯಿಲೆಗಳಿದ್ದರೆ ಅವುಗಳಲ್ಲಿ ಯಾವುದನ್ನು ಮೊದಲು ಬರೆಯಬೇಕು ಎಂದು ಹೇಳುವವಳು ಉಚ್ಚೆಂಗೆಮ್ಮ. ಮೊದಲು ಬರೆದರೇನು, ಕೊನೆಗೆ ಬರೆದರೇನು, ಕಾಯಿಲೆ ಕಾಯಿಲೆಯೇ ಅಲ್ಲವೇ ಎಂದು ಕೇಳುವವರುಂಟು. ಅಂಥವರನ್ನು ಅವಳು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾಳೆ. ಆ ನೋಟ ತಿಂದವರು ಮತ್ತೆ ಕೇಳಿದ್ದಿಲ್ಲ.

ಕೆಲಸ ಇಷ್ಟೇ. ಪ್ರತಿ ಕಾಯಿಲೆಗೂ ಒಂದು ಕೋಡ್ ಇದೆ. ಒಂದು ಅಕ್ಷರ, ಅದರ ಮುಂದೆ ಕೆಲವು ಅಂಕಿ. ಡಾಕ್ಟರು ಗೀಚಿದ ಕೇಸ್‌ಶೀಟ್ ಓದಿ, ಕೋಡುಗಳನ್ನು ಸಾಲಾಗಿ ಜೋಡಿಸಿ ವಿಮಾ ಕಂಪನಿಗೆ ಕಳಿಸಬೇಕು. ಕಂಪನಿಯವರ ಕಣ್ಣು ಮೊದಲು ಬೀಳುವುದು ಮೊದಲ ಸಾಲಿನ ಮೇಲೆ. ಅದು ಸರಿಯಿದ್ದರೆ ಒಪ್ಪಿಗೆ, ಎಡವಟ್ಟಾದರೆ ತಕರಾರು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದಕ್ಕೆ ದಪ್ಪನೆಯ ನಿಯಮಗಳ ಪುಸ್ತಕವೇ ಇದೆ. ಆ ಪುಸ್ತಕವನ್ನು ಉಚ್ಚೆಂಗೆಮ್ಮ ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಓದಿ ಅರಗಿಸಿಕೊಂಡವಳು.

ಅವಳ ಮನೆ ಹರಿಹರದಲ್ಲಿ. ಗಂಡ ಹನುಮೇಶ್ ಹಿಟ್ಟಿನ ಗಿರಣಿ ನಡೆಸುತ್ತಾನೆ. ಇಪ್ಪತ್ತೆರಡು ವರ್ಷದ ಹಿಂದೆ ಪಿಯುಸಿ ಓದಿಕೊಂಡು ಈ ಆಸ್ಪತ್ರೆಗೆ ಸೇರಿದಾಗ ಅವಳ ಕೆಲಸ ಕಪಾಟಿನಿಂದ ಹಳೇ ಫೈಲು ಹುಡುಕಿ ಕೊಡುವುದು, ಧೂಳು ಕೊಡವಿ ಮತ್ತೆ ಇಡುವುದು. ಫೈಲು ಎತ್ತಿಟ್ಟು ಎತ್ತಿಟ್ಟು ಅದರೊಳಗೆ ಏನಿದೆ ಎಂಬ ಕುತೂಹಲ ಹತ್ತಿತು. ಮೂವತ್ತೇಳನೇ ವಯಸ್ಸಿಗೆ, ಮಗಳು ಹೈಸ್ಕೂಲಿನಲ್ಲಿದ್ದಾಗ, ತಾನೂ ಕೋಡ್ ಬರೆಯುವವರ ಪರೀಕ್ಷೆಗೆ ಕೂರುತ್ತೇನೆ ಎಂದಳು. ಮೊದಲ ಸಲ ಡುಮ್ಕಿ. ಎರಡನೇ ಸಲಕ್ಕೆ ಹಟ ಹಿಡಿದು ಓದಿದಳು: ಹರಿಹರದಿಂದ ಬಾತಿಯವರೆಗೆ ಒಂದು ಪುಟ ಓದುವುದು, ಬಾತಿಯಿಂದ ದಾವಣಗೆರೆಯವರೆಗೆ ಕಣ್ಣು ಮುಚ್ಚಿ ಅದನ್ನೇ ಒಪ್ಪಿಸುವುದು. ಕಂಡಕ್ಟರ್ ಒಂದು ದಿನ ಕೇಳಿಯೇಬಿಟ್ಟ, “ದಿನಾ ಯಾವ ಸ್ತೋತ್ರ ಹೇಳ್ತೀರಿ ಅಮ್ಮಾರೆ?”

“ಸಕ್ಕರೆ ಕಾಯಿಲೆ ಸ್ತೋತ್ರ ಕಣಪ್ಪ,” ಎಂದಳು ಉಚ್ಚೆಂಗೆಮ್ಮ, ಕಣ್ಣು ಬಿಡದೆ.

ಪಾಸಾದಳು. ಅಲ್ಲಿಂದ ಇಲ್ಲಿಗೆ ಹನ್ನೊಂದು ವರ್ಷ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವಳು ಕಲಿಸುವ ಮೊದಲ ಪಾಠ ಮದುವೆ ಮನೆಯದು. “ಮದುವೆಗೆ ಮಂತ್ರಿ ಬರ್ಲಿ, ದೊಡ್ಡ ಸಾಹುಕಾರ ಬರ್ಲಿ. ಹಸೆಮಣೆ ಮೇಲೆ ಕೂಡ್ಸೋದು ಯಾರನ್ನ? ಮದುಮಗನ್ನ. ಯಾವ ಕಾಯಿಲೆಗೋಸ್ಕರ ಈ ಮನುಷ್ಯ ಆಸ್ಪತ್ರೆಗೆ ಬಂದು ಮಲಗಿದ್ನೋ ಅದೇ ಮದುಮಗ, ಅದೇ ಮೊದಲ್ನೇ ಸಾಲು. ಉಳಿದವು ಎಷ್ಟೇ ದೊಡ್ಡ ಕಾಯಿಲೆ ಇರ್ಲಿ, ನೆಂಟರು. ಹಿಂದೆ ಕೂಡ್ಲಿ.” ಎರಡನೇ ಪಾಠ ಇನ್ನೂ ಚಿಕ್ಕದು. “ಕಾಗದದಾಗೆ ಇಲ್ಲದ್ದು ಇಲ್ಲ.” ರೋಗಿ ಏನಂದ, ಅವನ ಹೆಂಡತಿ ಏನಂದಳು, ಅದೆಲ್ಲ ತನಗೆ ಬೇಡ, ಡಾಕ್ಟರ್ ಬರೆದಿದ್ದರೆ ಉಂಟು, ಬರೆಯದಿದ್ದರೆ ಇಲ್ಲ. ಈ ಪಾಠದ ಮೇಲೆ ಅವಳಿಗೆ ಎಷ್ಟು ಭರವಸೆ ಎಂದರೆ, ವಾರ್ಡಿನ ಮೆಟ್ಟಿಲು ಹತ್ತಿ ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿರಲಿಲ್ಲ. ನರ್ಸುಗಳು ಬರೆದ ಹಾಳೆಗಳನ್ನಂತೂ ಮಗುಚಿ ಮುಂದೆ ಹೋಗುತ್ತಿದ್ದಳು. ಅವುಗಳಿಂದ ಕಾಯಿಲೆಯ ಕೋಡ್ ಬರೆಯುವಂತಿಲ್ಲ ಎಂದು ಪುಸ್ತಕವೇ ಹೇಳಿದೆಯಲ್ಲ, ಓದಿ ಏನು ಉಪಯೋಗ ಎಂಬುದು ಅವಳ ಲೆಕ್ಕ.

ಆ ಲೆಕ್ಕ ಕೈಕೊಟ್ಟದ್ದು ಕಳೆದ ಭತ್ತದ ನಾಟಿ ಕಾಲದಲ್ಲಿ, ನಂದಿಗುಡಿಯ ಸಣ್ಣತಿಮ್ಮಪ್ಪನ ದೆಸೆಯಿಂದ.

ಸಣ್ಣತಿಮ್ಮಪ್ಪನಿಗೆ ಅರವತ್ತೆರಡು. ಗದ್ದೆಯಲ್ಲಿ ಬಿದ್ದು ಎಡತೊಡೆಯ ಮೂಳೆ ಸೊಂಟದ ಸಂದಿನ ಹತ್ತಿರ ಮುರಿದು, ಸೋಮವಾರ ಮಧ್ಯಾಹ್ನ ಬಂದು ಸೇರಿದ್ದ. ಅವನನ್ನು ಮೊದಲು ನೋಡಿದ್ದು ಡ್ಯೂಟಿ ಡಾಕ್ಟರ್ ಹುಮಾ. ದಾವಣಗೆರೆಯವಳೇ, ಉಚ್ಚೆಂಗೆಮ್ಮನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು ಅಷ್ಟೆ. ಅವಳು ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಬರೆದಿದ್ದಳು: ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಗದ್ದೆಯಲ್ಲಿ ನಿಂತಿದ್ದಾಗ ತಲೆಸುತ್ತು ಬಂದು ಬಿದ್ದಿದ್ದಾರೆ, ತೊಡೆಮೂಳೆ ಮುರಿದಿದೆ. ಉಚ್ಚೆಂಗೆಮ್ಮ ಐದು ನಿಮಿಷದಲ್ಲಿ ಸಾಲು ಜೋಡಿಸಿದಳು. ಮೂಳೆ ಮುರಿತ ಮದುಮಗ, ಮೊದಲ ಸಾಲು. ಸಕ್ಕರೆ ಎರಡನೆಯದು. ಡಾಕ್ಟರೇ ಬರೆದಿದ್ದಾರಲ್ಲ ಎಂದು ತಲೆಸುತ್ತಿನ ಕೋಡನ್ನೂ ಮೂರನೇ ಸಾಲಿಗೆ ಕೂರಿಸಿದಳು. ಆಪರೇಷನ್‌ಗೆ ಒಪ್ಪಿಗೆ ಕೊಡಿ ಎಂದು ವಿಮಾ ಕಂಪನಿಗೆ ಕಳಿಸಿ, ಮಂಡಕ್ಕಿ ಡಬ್ಬಿ ತೆಗೆದು ಕೂತಳು.

ಮಂಗಳವಾರ ಹನ್ನೊಂದು ಗಂಟೆಗೆ ಉತ್ತರ ಬಂತು. ನಿರಾಕರಣೆ. ಸಕ್ಕರೆ ಕಾಯಿಲೆಯಿಂದ ತಲೆಸುತ್ತು, ತಲೆಸುತ್ತಿನಿಂದ ಬಿದ್ದದ್ದು, ಬಿದ್ದದ್ದರಿಂದ ಮುರಿತ. ಹೀಗಾಗಿ ಎಲ್ಲಕ್ಕೂ ಮೂಲ ಹಳೇ ಕಾಯಿಲೆ. ಹಳೇ ಕಾಯಿಲೆ ಮತ್ತು ಅದರಿಂದಾದ ತೊಂದರೆಗೆ ಮೂರು ವರ್ಷ ಕಾಯಬೇಕು, ಈ ಪಾಲಿಸಿಗೆ ಇನ್ನೂ ಎರಡನೇ ವರ್ಷ.

ಉಚ್ಚೆಂಗೆಮ್ಮನಿಗೆ ಮೈಯೆಲ್ಲ ಉರಿಯಿತು. ಅವಳ ಸಾಲನ್ನು ಅಲ್ಲಾಡಿಸುವ ಧೈರ್ಯ ಯಾರಿಗಿದೆ? ಕಂಪನಿಯ ಬೆಂಗಳೂರು ಆಫೀಸಿನಲ್ಲಿ ಈ ಕಾಗದಗಳನ್ನು ನೋಡುವವರು ಡಾಕ್ಟರ್ ರುದ್ರಮುನಿ. ಆರು ವರ್ಷದಿಂದ ಫೋನಿನಲ್ಲೇ ಪರಿಚಯ, ಫೋನಿನಲ್ಲೇ ಜಗಳ. ಅವಳ ಹೆಸರನ್ನು ಅವರು ಒಂದು ದಿನವೂ ಸರಿಯಾಗಿ ಹೇಳಿದವರಲ್ಲ.

“ಹೇಳಿ ಉಚ್ಚಂಗಿ ಮೇಡಂ.”

“ಸರ್, ಮನುಷ್ಯ ಬಂದಿರೋದು ಮೂಳೆ ಮುರ್ಕೊಂಡು. ಆಪರೇಷನ್ ಮೂಳೆಗೆ. ಮೊದಲ್ನೇ ಸಾಲು ಮೂಳೇದೇ. ಸಕ್ಕರೆ ಎಲ್ಲಿಂದ ಬಂತು ಮುಂದೆ?”

“ನಿಮ್ಮ ಸಾಲು ಸರಿಯಾಗೇ ಇದೆ ಮೇಡಂ. ನಾನು ಸಾಲಿನ ಬಗ್ಗೆ ಮಾತಾಡ್ತಿಲ್ಲ. ಅವರು ಬಿದ್ದಿದ್ದು ಯಾಕೆ ಅಂತ ಕೇಳ್ತಿದೀನಿ. ತಲೆಸುತ್ತು ಅಂತ ನಿಮ್ಮ ಡಾಕ್ಟರ್ ಬರೆದಿದಾರೆ, ನೀವು ಕೋಡ್ ಹಾಕಿದೀರಿ. ಎಂಟು ವರ್ಷದ ಶುಗರ್ ಇದೆ. ಬೇರೆ ಕಾರಣ ಇದ್ರೆ ಕಾಗದದಲ್ಲಿ ತೋರಿಸಿ.” ನಗುತ್ತಾ ಅಂದರು, “ಕಾಗದದಲ್ಲಿ ಇಲ್ಲದ್ದು ಇಲ್ಲ ಅಂತ ನನಗೆ ಹೇಳಿಕೊಟ್ಟಿದ್ದೇ ನೀವಲ್ವಾ?”

ಅವಳ ಮಾತನ್ನು ಅವಳಿಗೇ ತಿರುಗಿಸಿ ಕೊಟ್ಟರು. ಫೋನ್ ಇಟ್ಟಳು.

ಇಟ್ಟು ತಲೆ ಎತ್ತಿದರೆ ಬಾಗಿಲಲ್ಲಿ ಒಬ್ಬ ಹೆಂಗಸು. ಸಣ್ಣತಿಮ್ಮಪ್ಪನ ಮಗಳು ದುರ್ಗಾ. ಕೌಂಟರಿನವರು ವಿಷಯ ಮುಟ್ಟಿಸಿದ್ದರು.

“ಮೇಡಂ, ಆ ಶುಗರ್ ಅಂತ ಬರ್ದಿದ್ದಕ್ಕೇ ಹಿಂಗಾತಂತೆ. ಅದೊಂದು ತೆಗ್ದ್ ಬಿಡ್ರಿ. ಯಾರ್ ನೋಡ್ತಾರೆ?”

“ಶುಗರ್ ಐತೋ ಇಲ್ಲೋ ನಿಮ್ಮಪ್ಪಗೆ?”

“ಐತೆ.”

“ಇದ್ದದ್ದನ್ನ ನಾನು ತೆಗೆಯಲ್ಲವ್ವ. ಆ ಕೆಲಸ ಮಾಡೋಳಾಗಿದ್ರೆ ಈ ಕುರ್ಚಿ ಮೇಲೆ ಹನ್ನೊಂದು ವರ್ಷ ಕೂಡ್ತಿರ್ಲಿಲ್ಲ.”

ದುರ್ಗಾ ಜಗಳಕ್ಕೆ ಬರಲಿಲ್ಲ. ಅದೇ ಕಷ್ಟವಾದದ್ದು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, “ಸಂಜಿ ತನಕ ನೋಡ್ತೀವಿ. ಆಗ್ಲಿಲ್ಲಾಂದ್ರೆ ಊರಿಗೆ ಕರ್ಕೊಂಡ್ ಹೋಗಿ ನಾಟಿ ಕಟ್ಟು ಹಾಕಿಸ್ತೀವಿ. ಇಲ್ಲೇ ಇಟ್ಕೊಂಡು ಆಪ್ರೇಷನ್ ಮಾಡ್ಸೋ ಶಕ್ತಿ ನಮಗಿಲ್ಲ.”

ಅಷ್ಟು ಹೇಳಿ ಹೋದಳು. ಆ ಮೂಳೆಗೆ ಕಟ್ಟು ಹಾಕಿದರೆ ಏನಾಗುತ್ತದೆಂದು ಉಚ್ಚೆಂಗೆಮ್ಮನಿಗೆ ಪುಸ್ತಕ ಹೇಳಬೇಕಾಗಿರಲಿಲ್ಲ. ಅವಳ ಅತ್ತೆ ಬಚ್ಚಲಲ್ಲಿ ಜಾರಿ ಇದೇ ಮೂಳೆ ಮುರಿದುಕೊಂಡಿದ್ದಳು. ಕಟ್ಟು ಹಾಕಿಸಿದರು. ಮುದುಕಿ ಎರಡು ವರ್ಷ ಮಂಚ ಬಿಟ್ಟು ಇಳಿಯಲಿಲ್ಲ, ಇಳಿಯದೆಯೇ ಹೋದಳು. ಬೆನ್ನು ಹುಣ್ಣಾಗಿ ಒರಲುತ್ತಿದ್ದುದು ಗಿರಣಿಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಮೂಳೆ ಡಾಕ್ಟರ್ ಶಿವಯೋಗಪ್ಪನವರು ಬುಧವಾರ ಬೆಳಿಗ್ಗೆಗೆ ಆಪರೇಷನ್ ಇಟ್ಟುಕೊಂಡಿದ್ದರು; ತಡವಾದಷ್ಟೂ ಕೆಟ್ಟದು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ನಂದಿಗುಡಿಯ ಒಬ್ಬ ಮನುಷ್ಯ ಮತ್ತೆ ನಡೆಯುತ್ತಾನೋ ಇಲ್ಲವೋ ಎಂಬುದು ಈಗ ತಾನು ಜೋಡಿಸಿದ ಮೂರು ಸಾಲಿನ ಮೇಲೆ ನಿಂತಿತ್ತು. ಸಾಲು ಸರಿಯಿದೆ. ಆದರೂ ಮನುಷ್ಯ ಮನೆಗೆ ಹೋಗುತ್ತಾನೆ. ಎಲ್ಲೋ ಏನೋ ತಪ್ಪಿದೆ.

ಫೈಲನ್ನು ಮೊದಲಿನಿಂದ ತೆಗೆದಳು. ಈ ಸಲ ಒಂದು ಹಾಳೆಯನ್ನೂ ಬಿಡಲಿಲ್ಲ. ನಾಲ್ಕನೇ ಹಾಳೆ ನರ್ಸ್ ರಶೀದಾ ಬರೆದದ್ದು, ಸೋಮವಾರ ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ, ರೋಗಿ ಬಂದ ಕೂಡಲೇ. ಬಟ್ಟೆಯೆಲ್ಲ ಕೆಸರು. ಬೆರಳು ಚುಚ್ಚಿ ನೋಡಿದ ಸಕ್ಕರೆ ನೂರ ನಲವತ್ತೆಂಟು. ಎಡತೊಡೆಯ ಹೊರಬದಿಯಲ್ಲಿ ಎರಡು ಅಡ್ಡ ಬರೆ, ಒಂದರ ಕೆಳಗೊಂದು, ಒಂದು ಗೇಣು ಅಂತರದಲ್ಲಿ, ನೆಟ್ಟಗೆ. ಪಕ್ಕದಲ್ಲಿ ರಶೀದಾ ಪೆನ್ನಿನಿಂದ ಒಂದು ಕಾಲಿನ ಚಿತ್ರ ಬರೆದು ಎರಡು ಗೆರೆ ಎಳೆದಿದ್ದಳು. ಬರೆಯ ಮೇಲೆ ತುಕ್ಕಿನ ಗುರುತು.

ಉಚ್ಚೆಂಗೆಮ್ಮ ಆ ಎರಡು ಗೆರೆಗಳನ್ನೇ ನೋಡಿದಳು. ಸಕ್ಕರೆ ಇಳಿದೂ ಇಲ್ಲ, ವಿಪರೀತ ಏರಿಯೂ ಇಲ್ಲ. ತಲೆ ಸುತ್ತಿ ಕೆಸರಿಗೆ ಬಿದ್ದವನ ಕಾಲಿಗೆ ತುಕ್ಕು ಎಲ್ಲಿಂದ ಬಂತು? ಎರಡು ಹಾಳೆ ಒಂದಕ್ಕೊಂದು ಹೊಂದದಿದ್ದರೆ ಡಾಕ್ಟರನ್ನು ಕೇಳು ಎಂದು ಅದೇ ಪುಸ್ತಕದಲ್ಲಿದೆ. ಬಸ್ಸಿನಲ್ಲಿ ಅದನ್ನೂ ಒಪ್ಪಿಸಿದ್ದಳು. ಆದರೆ ಎರಡನೇ ಹಾಳೆಯನ್ನು ಓದದೇ ಇದ್ದರೆ ಹೊಂದದಿರುವುದು ಗೊತ್ತಾಗುವುದಾದರೂ ಹೇಗೆ? ನಾಚಿಕೆಯಾಯಿತು. ನಾಚಿಕೆಯಾದಾಗ ಅವಳು ಬೇಗ ಬೇಗ ನಡೆಯುತ್ತಾಳೆ. ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಮೂರನೇ ಮಹಡಿಯ ಮೆಟ್ಟಿಲು ಹತ್ತಿದಳು.

ಸಣ್ಣತಿಮ್ಮಪ್ಪ ಕಾಲಿಗೆ ತೂಕ ಕಟ್ಟಿಸಿಕೊಂಡು ಚಾವಣಿ ನೋಡುತ್ತಾ ಮಲಗಿದ್ದ.

“ಯಜಮಾನ್ರೇ, ಬಿದ್ದಿದ್ದು ಹೆಂಗೆ?”

“ಹೇಳೀನಲ್ಲ ತಂಗಿ, ಆ ಡಾಕ್ಟ್ರಮ್ಮಗೆ. ಏರಿ ಕೆಳಗೆ ನಿಂತಿದ್ದೆ. ಚಕ್ರ ಬಂತು, ಬಿದ್ದೆ.”

ಅಷ್ಟೇ. ಚಕ್ರ ಬಂತು ಎಂದರೆ ಈ ಸೀಮೆಯಲ್ಲಿ ತಲೆಸುತ್ತು ಬಂತು ಎಂದೇ ಅರ್ಥ. ಉಚ್ಚೆಂಗೆಮ್ಮನ ತಾಯಿ ಬೇಸಿಗೆಯಲ್ಲಿ ದಿನಕ್ಕೊಂದು ಸಲ ಹೇಳುತ್ತಿದ್ದ ಮಾತು ಅದು. ಹುಮಾ ಬರೆದದ್ದು ಸರಿಯೇ ಎಂದುಕೊಂಡು ಅವಳು ಎರಡು ಹೆಜ್ಜೆ ವಾಪಸು ಹೊರಟಳು. ಹೊದಿಕೆಯ ಕೆಳಗಿನಿಂದ ಆ ಬರೆ ಕಂಡಿತು. ನೀಲಿಗಟ್ಟಿತ್ತು, ರೂಲುಪಟ್ಟಿ ಇಟ್ಟು ಎಳೆದ ಹಾಗೆ ನೆಟ್ಟಗಿತ್ತು. ನಿಂತಳು.

“ಚಕ್ರ ಅಂದ್ರೆ... ಯಾವ ಚಕ್ರ?”

ಸಣ್ಣತಿಮ್ಮಪ್ಪ ಇವಳಿಗೇನು ತಲೆ ಕೆಟ್ಟಿದೆಯೇ ಎಂಬಂತೆ ನೋಡಿದ. “ಯಾವ ಚಕ್ರ ಅಂದ್ರೆ? ಟ್ರ್ಯಾಕ್ಟ್ರು ಚಕ್ರ! ಕಬ್ಬಿಣದ್ದು. ಗದ್ದೆ ಕೆಸರು ಮಾಡಾಕೆ ಹಾಕ್ತಾರಲ್ಲ, ಅಡ್ಡಪಟ್ಟಿ ಇರೋದು. ಡಾಂಬರು ರಸ್ತೆ ಮೇಲೆ ಅದ್ನ ಓಡ್ಸಂಗಿಲ್ಲ ಅಂತ ಬಿಚ್ಚಿ ಏರಿ ಮೇಲೆ ಒರಗ್ಸಿದ್ರು. ಸರಿಯಾಗಿ ಒರಗ್ಸಿರ್ಲಿಲ್ಲ ನನ್ಮಕ್ಳು. ಉರುಳ್ಕೊಂಡು ಬಂತು ನೋಡು ಸೀದಾ ತೊಡೆಗೆ.”

“ತಲೆ ಸುತ್ತಿತ್ತಾ?”

“ತಲೆ ಯಾಕ ಸುತ್ತುತ್ತೆ? ಸುತ್ತಿದ್ದು ಚಕ್ರ.”

ಉಚ್ಚೆಂಗೆಮ್ಮನಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕೆಳಗಿಳಿದು ಹುಮಾಳನ್ನು ಹುಡುಕಿದಳು. ಕೇಳಿದ ಕೂಡಲೇ ಹುಮಾ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟಳು.

“ಅಯ್ಯೋ ಆಂಟಿ! ಚಕ್ರ ಬಂತು ಅಂದ್ರು, ನಾನು ಚಕ್ಕರ್ ಅಂತ್ಲೇ ತಿಳ್ಕೊಂಡೆ. ನಮ್ಮನೇಲಿ ಅಮ್ಮಿ ದಿನಾ ಚಕ್ಕರ್ ಬಂತು ಅಂತಾರೆ. ಬೇರೆ ಅರ್ಥ ಇರ್ಬೋದು ಅಂತ ತಲೇಗೇ ಹೋಗ್ಲಿಲ್ಲ.”

“ನನ್ನ ತಲೇಗೂ ಹೋಗ್ಲಿಲ್ಲಮ್ಮ. ಈಗ ತಾನೆ ಮೂರನೇ ಮಹಡೀಲಿ ಅದೇ ತಪ್ಪು ಮಾಡಾಕೆ ಹೊಂಟಿದ್ದೆ.”

“ಈಗ ತಿದ್ದಿದ್ರೆ ಕಂಪನಿಯೋರು ಕತೆ ಕಟ್ಟಿದಾರೆ ಅನ್ನಲ್ವಾ?”

“ತಿದ್ದಬ್ಯಾಡ್ರಿ. ನಿನ್ನೆ ಬರ್ದಿದ್ದು ಹಂಗೇ ಇರ್ಲಿ, ಒಂದು ಗೆರೆನೂ ಹೊಡೀಬ್ಯಾಡ್ರಿ. ನೀವೇ ಮೇಲೆ ಹೋಗಿ ಅವರನ್ನ ಇನ್ನೊಂದ್ಸಲ ಕೇಳ್ರಿ. ಅವರು ಹೇಳಿದ್ದನ್ನ ಕೆಳಗೆ ಬರೀರಿ, ಇವತ್ತಿನ ತಾರೀಖು, ಈಗಿನ ಟೈಮು ಹಾಕಿ. ನಿನ್ನೆ ತಪ್ಪು ಕೇಳಿಸ್ಕೊಂಡೆ ಅಂತಾನೂ ಬರೀರಿ.”

ತಪ್ಪು ಕೇಳಿಸಿಕೊಂಡೆ ಎಂದು ತನ್ನ ಕೈಯಾರೆ ಬರೆಯುವುದು ಯಾವ ಡಾಕ್ಟರಿಗೂ ಸಿಹಿಯಲ್ಲ, ಅದರಲ್ಲೂ ಕೆಲಸಕ್ಕೆ ಸೇರಿ ಎಂಟು ತಿಂಗಳಾದವಳಿಗೆ. ಹುಮಾ ಒಂದು ಗಳಿಗೆ ಪೆನ್ನಿನ ಕ್ಯಾಪ್ ಕಚ್ಚಿದಳು. ಆಮೇಲೆ ಮೆಟ್ಟಿಲು ಹತ್ತಿದಳು. ಇಪ್ಪತ್ತು ನಿಮಿಷಕ್ಕೆ ಬಂದಾಗ ಹಾಳೆಯ ಮೇಲೆ ಎಲ್ಲವೂ ಇತ್ತು: ಉರುಳಿ ಬಂದ ಕಬ್ಬಿಣದ ಚಕ್ರದ ಪೆಟ್ಟು, ಬರೆಗಳ ಅಳತೆ, ತಲೆಸುತ್ತು ಇರಲಿಲ್ಲ ಎಂಬ ಮಾತು, ಸ್ಥಳೀಯ ಮಾತಿನ ಅರ್ಥವನ್ನು ತಾನು ತಪ್ಪಾಗಿ ತಿಳಿದೆ ಎಂಬ ವಾಕ್ಯ. ಕೆಳಗೆ ಪೂರ್ತಿ ಸಹಿ.

ಉಚ್ಚೆಂಗೆಮ್ಮ ಸಾಲನ್ನು ಹೊಸದಾಗಿ ಜೋಡಿಸಿದಳು. ಮುರಿತ ತನ್ನ ಜಾಗದಲ್ಲೇ, ಮೊದಲು. ಸಕ್ಕರೆ ಎರಡನೆಯದು, ಅದನ್ನು ಮುಚ್ಚಿಡಲಿಲ್ಲ. ಮೂರನೇ ಸಾಲಿನ ತಲೆಸುತ್ತು ಹೋಯಿತು. ಆ ಜಾಗಕ್ಕೆ ಪೆಟ್ಟು ಹೇಗಾಯಿತು ಎಂದು ಹೇಳುವ ಕೋಡ್ ಬಂತು. ಅದು ಯಾವತ್ತೂ ಕೊನೆಗೇ ಕೂರುವ ಕೋಡು. ಜೊತೆಗೆ ಒಂದು ಪತ್ರ ಬರೆದಳು. ಅದರಲ್ಲಿ, ನರ್ಸಿನ ಹಾಳೆಯನ್ನು ಸೋಮವಾರವೇ ಓದಿ ಡಾಕ್ಟರನ್ನು ಕೇಳಬೇಕಿತ್ತು, ಕೇಳದೇ ಕಳಿಸಿದ್ದು ನನ್ನ ತಪ್ಪು ಎಂದು ತನ್ನ ಹೆಸರನ್ನೇ ಹಾಕಿದಳು.

“ನಿಮ್ಮ ಹೆಸರು ಯಾಕೆ ಆಂಟಿ? ತಪ್ಪು ಕೇಳಿಸ್ಕೊಂಡಿದ್ದು ನಾನು,” ಎಂದಳು ಹುಮಾ.

“ನೀವು ಕೇಳಿಸ್ಕೊಂಡಾದ್ರೂ ಬರ್ದ್ರಿ. ನಾನು ಕಣ್ಣ ಮುಂದೆ ಇದ್ದದ್ದನ್ನೇ ಓದ್ಲಿಲ್ಲ.”

ನಾಲ್ಕು ಗಂಟೆಗೆ ಫೋನ್ ಬಂತು.

“ಉಚ್ಚಂಗಿ ಮೇಡಂ, ಚಕ್ರ ಅಂದ್ರೆ ಚಕ್ರಾನೇನಾ?”

“ಚಕ್ರಾನೇ ಸರ್. ಕಬ್ಬಿಣದ್ದು.”

“ನೋಡಿ, ನಾನು ಬೇಡ ಅಂದ ಮೇಲೆ ಕತೆ ಬದಲಾಗಿದೆ. ನನ್ನ ಜಾಗದಲ್ಲಿ ನೀವಿದ್ರೆ ನಂಬ್ತಿದ್ರಾ?”

“ನಂಬ್ತಿರ್ಲಿಲ್ಲ. ನೀವೂ ನಂಬಬ್ಯಾಡ್ರಿ. ಸೋಮವಾರ ಹನ್ನೆರಡು ನಲವತ್ತರ ನರ್ಸ್ ಹಾಳೆ ಕಳ್ಸೀನಿ, ಅದನ್ನ ನೋಡ್ರಿ. ಅವಾಗ ನಿಮ್ಮ ನಿರಾಕರಣೆ ಹುಟ್ಟೇ ಇರ್ಲಿಲ್ಲ. ಸಕ್ಕರೆ ಎಷ್ಟಿತ್ತು ಅಂತ ಐತೆ. ಬರೆ ಐತೆ. ಚಿತ್ರಾನೂ ಐತೆ. ತಲೆ ಸುತ್ತಿ ಬಿದ್ದೋನ ಕಾಲ ಮೇಲೆ ಗೇಣಿಗೊಂದು ಗೆರೆ ಬರಲ್ಲ ಸರ್.”

“ನರ್ಸ್ ಹಾಳೆಯಿಂದ ಕೋಡ್ ಮಾಡೋ ಹಾಗಿಲ್ಲ, ಗೊತ್ತಲ್ವಾ?”

“ಕೋಡ್ ಮಾಡಿಲ್ಲ. ಓದೀನಿ. ಓದಬಾರ್ದು ಅಂತ ಯಾವ ನಿಯಮದಾಗೂ ಇಲ್ಲ.”

ರುದ್ರಮುನಿ ಜೋರಾಗಿ ನಕ್ಕರು. ನೋಡ್ತೀನಿ ಎಂದಷ್ಟೇ ಹೇಳಿ ಫೋನ್ ಇಟ್ಟರು. ಉಚ್ಚೆಂಗೆಮ್ಮ ಕಂಪ್ಯೂಟರಿನ ಮುಂದೆ ಕೂತಳು. ಹರಿಹರದ ಬಸ್ಸು ಒಂದು ಹೋಯಿತು, ಎರಡು ಹೋಯಿತು. ದುರ್ಗಾ ಬಾಗಿಲಿಗೆ ಬಂದು, ಊರಿಗೆ ಕರೆದೊಯ್ಯುವ ವ್ಯಾನಿನವನು ಕೆಳಗೆ ಕಾಯುತ್ತಿದ್ದಾನೆ, ಏನು ಹೇಳಲಿ ಎಂದಳು. “ಇನ್ನೊಂದು ಹತ್ತು ನಿಮಿಷ ಅಂತ ಹೇಳು,” ಎಂದಳು ಉಚ್ಚೆಂಗೆಮ್ಮ. ಆ ಹತ್ತು ನಿಮಿಷಕ್ಕೆ ಅವಳಲ್ಲಿ ಯಾವ ಆಧಾರವೂ ಇರಲಿಲ್ಲ. ಆದರೂ ಗಟ್ಟಿಯಾಗಿ ಹೇಳಿದಳು, ಯಾಕೆಂದರೆ ಈಗ ಸಾಲೂ ಸರಿಯಿತ್ತು, ಸಾಲಿನ ಹಿಂದಿನ ಮಾತೂ ಸರಿಯಿತ್ತು. ಐದೂ ಇಪ್ಪತ್ತಕ್ಕೆ ಒಪ್ಪಿಗೆ ಬಂತು. ಪತ್ರದಲ್ಲಿ ಅವಳ ಹೆಸರು ಮೊದಲ ಬಾರಿಗೆ ಸರಿಯಾಗಿತ್ತು: ಉಚ್ಚೆಂಗೆಮ್ಮ. ದುರ್ಗಾ ಓಡಿದ ರಭಸಕ್ಕೆ ಚಪ್ಪಲಿ ಒಂದು ಬಾಗಿಲಲ್ಲೇ ಉಳಿಯಿತು.

ಬುಧವಾರ ಆಪರೇಷನ್ ಆಯಿತು. ಶುಕ್ರವಾರ ಮಧ್ಯಾಹ್ನ ಉಚ್ಚೆಂಗೆಮ್ಮ ಮತ್ತೆ ಮೂರನೇ ಮಹಡಿ ಹತ್ತಿದಳು. ಈಗ ದಿನಾ ಹತ್ತುತ್ತಾಳೆ, ಅದು ಬೇರೆ ಮಾತು. ಸಣ್ಣತಿಮ್ಮಪ್ಪ ವಾಕರ್ ಹಿಡಿದು ಮಂಚದಿಂದ ಕಿಟಕಿಯವರೆಗೆ ಆರು ಹೆಜ್ಜೆ ನಡೆದು, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಅವಳನ್ನು ಕಂಡು ಮುಖ ಅರಳಿಸಿದ.

“ಬಾ ತಂಗಿ. ಈ ಆಸ್ಪತ್ರಿಗೆ ಬಂದಾಗಿಂದ ಎಲ್ರೂ ಕೇಳಿದ್ದು ಒಂದೇ, ಶುಗರ್ ಎಷ್ಟು ವರ್ಷದಿಂದ ಐತೆ ಅಂತ. ಯಾವ ಚಕ್ರ ಅಂತ ಕೇಳಿದೋಳು ನೀನೇ ಮೊದಲು.”

ಹನ್ನೊಂದು ವರ್ಷ ಯಾವುದು ಮೊದಲು, ಯಾವುದು ಆಮೇಲೆ ಎಂದು ಊರಿಗೆಲ್ಲ ತೀರ್ಪು ಕೊಟ್ಟವಳು ಅವಳು. ಈ ಒಂದು ಸಾಲನ್ನು ಹಾಗೇ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

“ಮೊದಲು ಅಲ್ರಿ ಯಜಮಾನ್ರೇ,” ಎಂದಳು, “ನಾನು ಕೇಳಿದ್ದು ಎರಡನೇ ದಿನ.”